ಕತ್ತರಿ ಕಂಡ ಸ್ವೆಟರ್

೧೯೯೮ರ ಸೆಪ್ಟೆಂಬರ್ ೧೪, ಸೋಮವಾರ, ಬೆಳಿಗ್ಗೆ ಆರೂ ಕಾಲು. ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ ನೀಲಗಂಗಾ ನನ್ನ ಮೊದಲ ಕುಣಿಕೆ ಹಾಕಿದಳು. ಹುಟ್ಟಿದ ಗಳಿಗೆ ನನಗಿಷ್ಟು ಖಚಿತವಾಗಿ ಗೊತ್ತಿರಲು ಕಾರಣ ಅವಳ ನೋಟ್‌ಬುಕ್ಕು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕಳೆದವಳು ಅವಳು. ಅಳೆದು ಬರೆದಿಡದ ಹೊರತು ಅವಳಿಗೆ ಯಾವ ಕೆಲಸವೂ ಆದಂತಲ್ಲ.

ನಾನು ಸ್ವೆಟರ್. ನನ್ನ ಉಣ್ಣೆ ಐಸ್‌ಲ್ಯಾಂಡಿನ ಕುರಿಯದು. ನೀಲಗಂಗಾಳ ತಮ್ಮ ಚನ್ನವೀರ ಭೂವಿಜ್ಞಾನ ಕಲಿಸುತ್ತಿದ್ದ. ಬೆಳಗಾವಿಯ ಆಚೆಯ ಕರಿಕಲ್ಲು ನೋಡಲು ಬಂದಿದ್ದ ಆ ದೇಶದ ವಿಜ್ಞಾನಿಯೊಬ್ಬ ಎಂಟು ದಿನ ಈ ಮನೆಯಲ್ಲಿ ರೊಟ್ಟಿ ಉಂಡು ಹೋಗಿದ್ದ. ಅವನ ಹೆಂಡತಿ ಊರಿನಿಂದ ಒಂದು ಪೆಟ್ಟಿಗೆ ಕಳಿಸಿದಳು. ಅದರಲ್ಲಿ ಬೂದು, ಬಿಳಿ, ಕಪ್ಪು ಉಣ್ಣೆಯ ಉಂಡೆಗಳು, ನಡುವೆ ದಾರವಿದ್ದ ಜೋಡಿ ಕಡ್ಡಿ, ಮತ್ತು ಹೆಣಿಗೆಯ ವಿವರದ ಒಂದು ಹಾಳೆ. ಹಾಳೆಯ ಭಾಷೆ ಯಾರಿಗೂ ಬಾರದು. ಆದರೆ ವಿನ್ಯಾಸ ಚೌಕಗಳಲ್ಲಿತ್ತು.

“ಗ್ರಾಫ್ ಓದಾಕ ಭಾಷಾ ಯಾಕ ಬೇಕು?” ಎಂದಳು ನೀಲಗಂಗಾ.

ಪಕ್ಕದ ಮನೆಯ ಶಾರವ್ವ ನನ್ನನ್ನು ಮುಟ್ಟಿ ನೋಡಿ ನಕ್ಕಳು. “ಗಂಗಕ್ಕಾ, ಧಾರವಾಡದಾಗ ಇದನ್ನ ಹಾಕ್ಕೊಂಡ್ರ ಮನಷ್ಯಾ ಕುದ್ದು ಹೋಗ್ತಾನ!”

“ಧಾರವಾಡಕ್ಕಲ್ಲವಾ. ನಮ್ಮ ಚನ್ನೂ ಜೂನ್‌ದಾಗ ಹುಡುಗುರ್ನ ಕರ್ಕೊಂಡು ಹಿಮಾಲಯದ ಸ್ಪಿತಿಗೆ ಹೊಂಟಾನ. ಅಲ್ಲಿ ಬ್ಯಾಸಗ್ಯಾಗೂ ರಾತ್ರಿ ನೀರು ಗಟ್ಟಿ ಆಗ್ತದ.”

ಚನ್ನವೀರ ಆ ಪ್ರಯಾಣವನ್ನು ಹನ್ನೊಂದು ವರ್ಷ ತಪ್ಪಿಸಿರಲಿಲ್ಲ. ಕಲ್ಲಿನೊಳಗೆ ಕಡಲ ಚಿಪ್ಪು ಕಂಡಾಗ ವಿದ್ಯಾರ್ಥಿಗಳ ಮುಖ ಹೇಗಾಗುತ್ತದೆ ಎಂಬುದನ್ನು ಅವನು ವರ್ಷವಿಡೀ ಹೇಳುತ್ತಿದ್ದ.

ನನ್ನ ಬಾಲ್ಯದಲ್ಲಿ ನೆಮ್ಮದಿ ಇರಲಿಲ್ಲ. ನಾನು ಕೆಳಗಿನ ಅಂಚಿನಿಂದ ಸುತ್ತುತ್ತಾ ಬೆಳೆದವನು. ಸುತ್ತಿಗೆ ಮೊದಲಿಲ್ಲ, ಕೊನೆಯಿಲ್ಲ. ನನ್ನ ಎರಡು ತೋಳುಗಳು ಬೇರೆ ಚೀಲದಲ್ಲಿದ್ದವು. ಅವು ನನ್ನವೇ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ. ಪ್ರತಿ ಸಂಜೆ ಅವಳು ಅಂದಿನ ಹೆಣಿಗೆಯ ಮೇಲೆ ಸ್ಕೇಲ್ ಇಡುತ್ತಿದ್ದಳು. ಹತ್ತು ಸೆಂಟಿಮೀಟರಿಗೆ ಹದಿನೆಂಟು ಕುಣಿಕೆ ಇರಬೇಕು. ಹತ್ತೊಂಬತ್ತಾದರೆ ಬಿಚ್ಚುತ್ತಿದ್ದಳು. ನಾಲ್ಕು ಸಲ ಹಾಗೆ ನಾನು ಮತ್ತೆ ಬರಿಯ ದಾರವಾದೆ. ಒಂದು ಕುಣಿಕೆ ಸಡಿಲಿದರೆ ಇಡೀ ಸಾಲು ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಆಗಲೇ.

ಜನವರಿಯಲ್ಲಿ ತೋಳುಗಳು ನನಗೆ ಕೂಡಿದವು. ಎದೆಯ ಮೇಲೆ ಕಪ್ಪು ಬಿಳಿ ಚಿತ್ತಾರ ಶುರುವಾಯಿತು. ಅದೇ ವಾರ, ಇಪ್ಪತ್ತೊಂದನೆಯ ತಾರೀಖು, ಕಲ್ಲಿನ ಕ್ವಾರಿಯೊಂದರಲ್ಲಿ ವಿದ್ಯಾರ್ಥಿಗಳಿಗೆ ಪದರು ತೋರಿಸುತ್ತಿದ್ದ ಚನ್ನವೀರ ಕಾಲು ಜಾರಿ ಬಿದ್ದ. ಬಲ ಭುಜ ಪುಡಿಯಾಯಿತು. ತಲೆಗೂ ಪೆಟ್ಟಾಗಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ನೀಲಗಂಗಾ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಆಪರೇಷನ್ ನಾಲ್ಕು ತಾಸು ನಡೆಯಿತು. ನಾಲ್ಕು ತಾಸೂ ಅವಳು ಹೆಣೆದಳು. ದಾರ ಅವಳ ಬೆರಳನ್ನು ಕೊಯ್ಯುವಷ್ಟು ಬಿಗಿಯಾಗಿತ್ತು. ನನಗೆ ಉಸಿರು ಕಟ್ಟಿತು.

“ಅಮ್ಮಾರ, ಒಂದೀಟು ಚಾ ಕುಡೀರಿ,” ಎಂದಳು ನರ್ಸ್.

“ಈ ಸುತ್ತು ಮುಗೀಲಿ ತಡಿಯವಾ.”

ಸುತ್ತು ಮುಗಿಯಿತು. ಅವಳು ನಿಲ್ಲಿಸಲಿಲ್ಲ. ಮುಂದಿನ ಸುತ್ತೂ ಮುಗಿಯಿತು. ಚಹಾ ಆರಿಹೋಯಿತು. ಸಂಜೆ ಅವನು ಕಣ್ಣು ತೆರೆದ ಸುದ್ದಿ ಬಂದಾಗ ಅವಳು ನನ್ನನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿ ಎದ್ದು ಓಡಿದಳು. ಅಂದು ಸ್ಕೇಲ್ ಇಡಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದ ಸಾಲು ಖಾಲಿ ಉಳಿಯಿತು.

ಏಪ್ರಿಲ್‌ನಲ್ಲಿ ಚನ್ನವೀರನ ಕೈಯನ್ನು ಕೊರಳಿಗೆ ತೂಗುಹಾಕಿದ್ದ ಪಟ್ಟಿ ಬಿಚ್ಚಿದರು. ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಇನ್ನು ಏಳುವುದಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ನಾನು ಸಿದ್ಧವಾಗಿದ್ದೆ. ತಲೆಯಿಂದ ತೊಡುವ, ಎದುರು ಸೀಳಿಲ್ಲದ ಸ್ವೆಟರ್. ಚನ್ನವೀರ ಎಡಗೈ ತೂರಿಸಿದ, ತಲೆ ತೂರಿಸಿದ, ಅಲ್ಲಿಗೇ ಸಿಕ್ಕಿಕೊಂಡ. ಕತ್ತಲಲ್ಲಿ ಅವನ ಬಿಸಿಯುಸಿರು ನನ್ನ ಒಳಮೈಗೆ ತಾಗಿತು.

“ತಗೀ ಅಕ್ಕಾ,” ಎಂದ ಒಳಗಿನಿಂದಲೇ.

ಹೊರಬಂದವನು ಗೋಡೆ ನೋಡುತ್ತಾ ಕೂತ. “ನಾ ಹೋಗೂದಿಲ್ಲ. ಚಳಿ ನಾಡಿಗೆ ಹೋಗಿ ದಿನಾ ಮುಂಜಾನೆ ಹುಡುಗುರ ಕೈಲೆ ಅಂಗಿ ಹಾಕಿಸ್ಕೋಬೇಕೇನು? ಬ್ಯಾರೆ ಯಾರನ್ನರ ಕಳಸ್ಲಿ.”

ನೀಲಗಂಗಾ ನಾಲ್ಕು ದಿನ ನನ್ನನ್ನು ಮುಟ್ಟಲಿಲ್ಲ. ಐದನೆಯ ದಿನ ಪೆಟ್ಟಿಗೆಯಿಂದ ಅಂಗೈ ಅಗಲದ ಒಂದು ತುಂಡು ತೆಗೆದಳು. ನನಗಿಂತ ಮೊದಲು ಲೆಕ್ಕ ನೋಡಲು ಹೆಣೆದ ಮಾದರಿ ಅದು, ನನ್ನ ಅಣ್ಣ ಎನ್ನಬಹುದು. ಅದರ ನಡುವಿನ ಸಾಲಿನ ಎರಡೂ ಬದಿಗೆ ಒತ್ತಾಗಿ ಹೊಲಿಗೆ ಹಾಕಿ, ಆ ಸಾಲನ್ನು ಕತ್ತರಿಯಿಂದ ಸೀಳಿದಳು. ಒಂದು ಹೋಳನ್ನು ಮೊಳೆಗೆ ತೂಗುಹಾಕಿ, ತುದಿಗೆ ಇನ್ನೂರು ಗ್ರಾಮಿನ ಹಿತ್ತಾಳೆ ತೂಕ ಕಟ್ಟಿದಳು. ಇಪ್ಪತ್ತನಾಲ್ಕು ತಾಸು ಬಿಟ್ಟು ಭೂತಗನ್ನಡಿಯಿಂದ ನೋಡಿದಳು. ಒಂದು ಕುಣಿಕೆಯೂ ಬಿಚ್ಚಿರಲಿಲ್ಲ. ಈ ಉಣ್ಣೆಗೆ ಹುರಿ ಕಡಿಮೆ. ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದು ಬರೆದುಕೊಂಡಳು.

ಆಮೇಲೆ ನನ್ನನ್ನು ಮೇಜಿನ ಮೇಲೆ ಹಾಸಿದಳು.

ಚನ್ನವೀರ ಬಾಗಿಲಲ್ಲಿ ನಿಂತು ಗಾಬರಿಯಾದ. “ಹುಚ್ಚ ಹಿಡದದೇನ ನಿನಗ? ಆರು ತಿಂಗಳ ಹೆಣದೀದಿ!”

“ಉಳದದ್ದು ನಿಂಬಿಹಣ್ಣಿನಷ್ಟ ಉಲ್ಲನ್. ಹೊಸಾದು ಎಲ್ಲಿಂದ ತರ್ಲಿ? ಸುಮ್ನ ಕುಂಡ್ರು, ಕೈ ನಡುಗಸಬ್ಯಾಡ.”

“ಬಿಚ್ಚಿ ಹೋದ್ರ?”

“ಹೋದ್ರ ಹೋಗ್ಲಿ. ಮಡಚಿ ಇಟ್ಟ ಸ್ವೆಟರ್ ತಗೊಂಡು ನಾ ಏನ್ ಮಾಡ್ಲಿ?”

ನನ್ನ ಎದುರಿನ ನಡುಸಾಲಿನ ಎರಡೂ ಬದಿಗೆ ಹಾಗೆಯೇ ಹೊಲಿಗೆಯಾದ ಮೇಲೆ ಕತ್ತರಿ ಕೆಳಗಿನ ಅಂಚಿನಿಂದ ಹೊರಟಿತು. ಪ್ರಯೋಗದ ಫಲಿತಾಂಶ ನನಗೂ ಗೊತ್ತಿತ್ತು; ಆದರೆ ಭಯಕ್ಕೆ ಫಲಿತಾಂಶ ಕೇಳಿಸುವುದಿಲ್ಲ. ಒಂದೊಂದು ಕುಣಿಕೆ ತುಂಡಾದಾಗಲೂ ಈಗ ಹೋದೆ, ಈಗ ಹೋದೆ ಎಂದುಕೊಂಡೆ. ಎದೆಯ ಚಿತ್ತಾರದ ಹತ್ತಿರ ಕತ್ತರಿ ಕಚ್ಚಲಿಲ್ಲ. ಅಲ್ಲಿ ಉಣ್ಣೆ ಹಲಗೆಯಂತೆ ಗಟ್ಟಿಯಿತ್ತು. ಅವಳು ಒಂದು ಕ್ಷಣ ನಿಂತಳು, ಬೆರಳಿಂದ ಸವರಿದಳು, ಮತ್ತೆ ಒತ್ತಿದಳು. ಕೊರಳಿನವರೆಗೆ ಸೀಳಿಯಾಯಿತು. ನಾನು ಬಿಚ್ಚಲಿಲ್ಲ. ಅಂಚುಗಳಿಗೆ ಬಟ್ಟೆಯ ಪಟ್ಟಿ ಬಂತು, ಏಳು ದೊಡ್ಡ ಗುಂಡಿ ಬಂದವು.

ಚನ್ನವೀರ ಮೊದಲು ನೊಂದ ತೋಳು ತೂರಿಸಿ, ಬೆನ್ನ ಹಿಂದಿನಿಂದ ನನ್ನನ್ನು ಎಳೆದುಕೊಂಡು ಒಳ್ಳೆಯ ತೋಳು ತೂರಿಸಲು ಕಲಿತ. ಮೊದಲ ದಿನ ಹನ್ನೊಂದು ನಿಮಿಷ ಹಿಡಿಯಿತು. ಅಕ್ಕ ಗಡಿಯಾರ ಹಿಡಿದು ನಿಂತಿದ್ದಳು. ಎರಡು ಸಲ ಕೈ ಮುಂದೆ ಬಂತು, ಎರಡು ಸಲವೂ ಹಿಂದೆ ತೆಗೆದುಕೊಂಡಳು. ಮೇ ಕೊನೆಗೆ ಮೂರು ನಿಮಿಷಕ್ಕೆ ಬಂದ.

“ಹುಡುಗುರು ಹಲ್ಲುಜ್ಜೂದ್ರಾಗ ನಾ ತಯಾರು,” ಎಂದು ನಕ್ಕ.

ಜೂನ್‌ನಲ್ಲಿ ಅವನು ಹೊರಟ. ಮುಂದೆ ಒಂಬತ್ತು ಬೇಸಿಗೆ ನಾನು ಸ್ಪಿತಿ ಕಂಡೆ. ಗಾಳಿ ಬೀಸಿದಾಗಲೆಲ್ಲ ನನ್ನ ಅಂಚು ಬಿಗಿಹಿಡಿದುಕೊಳ್ಳುತ್ತಿದ್ದೆ. ಆ ಅಭ್ಯಾಸ ಹೋಗಲಿಲ್ಲ. ಅವನು ನಿವೃತ್ತನಾದ ಮೇಲೆ ಮಗಳು ಮುಕ್ತಾ ನನ್ನನ್ನು ಪುಣೆಗೆ ಒಯ್ದಳು. ಅವಳ ಸ್ಕೂಟರಿನ ಮೇಲೆ ಮೊಣಕೈ ಸವೆಸಿಕೊಂಡೆ. ಈಗ ಮತ್ತೆ ಧಾರವಾಡ. ಕಪಾಟಿನ ಕೆಳಗಿನ ಅರೆ, ಬೇವಿನ ಎಲೆಯ ವಾಸನೆ. ಯಾರೂ ಎಳೆಯುವುದಿಲ್ಲ. ಆದರೂ ಬಾಗಿಲು ಕಿರ್ರೆಂದರೆ ಕತ್ತರಿಯ ನೆನಪಾಗುತ್ತದೆ.

ಮೊನ್ನೆ ಮುಕ್ತಾ ನನ್ನನ್ನು ಹೊರತೆಗೆದಳು. ಚೌಕದ ಹಾಳೆ ಎಂದೋ ಕಳೆದಿದೆ. ನನ್ನಂಥದೇ ಇನ್ನೊಂದು ಹೆಣೆಯಲು ಅವಳು ನನ್ನ ಮೈಯಿಂದಲೇ ಲೆಕ್ಕ ತೆಗೆಯಬೇಕು. ಎಪ್ಪತ್ತೇಳರ ನೀಲಗಂಗಾ ಪಕ್ಕದಲ್ಲಿ ಕೂತಿದ್ದಳು.

“ಅತ್ತೀ, ಎಲ್ಲಾ ಕಡೆ ಹದಿನೆಂಟು ಬರ್ತದ. ಎದಿ ಮ್ಯಾಲಿನ ಈ ಪಟ್ಟಿ ಯಾಕ ಬ್ಯಾರೆ?”

ನೀಲಗಂಗಾಗೆ ಈಗ ಕಣ್ಣು ಮಂಜು. ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳಾಡಿಸಿದಳು. ಬೆರಳು ಆ ಪಟ್ಟಿಯ ಮೇಲೆ ನಿಂತಿತು.

“ಅವತ್ತು ಅಳದಿರಲಿಲ್ಲ ನಾ,” ಎಂದಳು. “ನೋಟ್‌ಬುಕ್ ತಾ. ಜನವರಿ ಇಪ್ಪತ್ತೊಂದು. ಎಷ್ಟದ ನೋಡಿ ಬರಿ.”

ಮುಕ್ತಾ ಸ್ಕೇಲ್ ಇಟ್ಟು ಎರಡು ಸಲ ಎಣಿಸಿ, ಖಾಲಿ ಸಾಲಿನಲ್ಲಿ ಬರೆದಳು: ಹತ್ತು ಸೆಂಟಿಮೀಟರಿಗೆ ಇಪ್ಪತ್ತಮೂರು ಕುಣಿಕೆ.