ಅಕ್ಕನ ಕಾಮಾಲೆ

ರಕ್ತಪರೀಕ್ಷೆಯ ಫಲಿತಾಂಶ ಆ ದೇಶದಲ್ಲಿ ವೈದ್ಯರ ಮಾತಿಗೂ ಮೊದಲೇ ರೋಗಿಯ ಫೋನಿಗೆ ಬಂದುಬಿಡುತ್ತದೆ. ಚಿನ್ಮಯಿ ತಿಂಡಿಗೆ ಕೂತಲ್ಲೇ ಅದನ್ನು ತೆರೆದು ಓದಿದಳು. ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದ ಲೀಲಾವತಿ ಮಗಳ ಭುಜದ ಮೇಲಿಂದ ಬಗ್ಗಿ ನೋಡಿದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ಆ ಮೂರು ಅಕ್ಷರಗಳನ್ನು ಅವರು ಎಲ್ಲಿದ್ದರೂ ಗುರುತಿಸಬಲ್ಲರು. ಎ ಎನ್ ಎ. ಪಕ್ಕದಲ್ಲಿ ಪಾಸಿಟಿವ್ ಎಂದಿತ್ತು.

"ಹಾಗಂದ್ರೆ ಏನೇ?" ಎಂದು ಗೊತ್ತಿಲ್ಲದವರಂತೆ ಕೇಳಿದರು.

"ನಮ್ಮ ಮೈನ ಕಾಯೋ ಶಕ್ತಿ ನಮ್ಮ ಮೇಲೇ ತಿರುಗಿಬಿದ್ದಿದ್ಯಾ ಅಂತ ನೋಡೋ ಟೆಸ್ಟ್ ಅಮ್ಮ. ದೋಸೆ ಸೀದೋಗ್ತಿದೆ ನೋಡು."

ಚಿನ್ಮಯಿ ಆ ಚಳಿದೇಶದ ಕಾರ್ಲ್‌ಸ್ಟಾಡ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮೂರು ತಿಂಗಳಿಂದ ಬೆರಳಿನ ಗೆಣ್ಣುಗಳಲ್ಲಿ ನೋವು, ಬೆಳಿಗ್ಗೆ ಎದ್ದರೆ ಮೈಯೆಲ್ಲ ಕಲ್ಲು ಹೊತ್ತ ಹಾಗೆ. ಅದಕ್ಕಾಗಿಯೇ ಪರೀಕ್ಷೆ. ಅಳಿಯ ಸಂಕೇತ್‌ಗೆ ಅಂದು ಮನೆಯಿಂದಲೇ ಕೆಲಸ. ಗಂಡ ಶಂಕರರ ವರ್ಷಾಂತಿಕ ಮುಗಿಸಿ ಮಗಳಲ್ಲಿಗೆ ಬಂದ ಲೀಲಾವತಿಗೆ ಮರಳುವ ವಿಮಾನಕ್ಕೆ ಇನ್ನೂ ಐವತ್ತು ದಿನಗಳಿದ್ದವು.

ಒಂಬತ್ತು ಗಂಟೆಗೆ ವೈದ್ಯೆಯ ಕರೆ ಬಂತು. ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು. ಅಲ್ಲಿ ಇಂಗ್ಲಿಷಿನಲ್ಲಿ ಮಾತು, ಇಲ್ಲಿ ಸಂಕೇತ್ ಮೆಲ್ಲಗೆ ಅತ್ತೆಗೆ ಕನ್ನಡ ಮಾಡಿ ಹೇಳುತ್ತಿದ್ದ.

"ತುಂಬ ಕಡಿಮೆ ಪ್ರಮಾಣದಲ್ಲಿ ಇದೆಯಂತೆ ಅತ್ತೆ. ಆರೋಗ್ಯವಾಗಿರೋರಲ್ಲೂ ಹೀಗೆ ಬರುತ್ತಂತೆ. ಇದೊಂದನ್ನೇ ನೋಡಿ ಕಾಯಿಲೆ ಅನ್ನೋಕಾಗಲ್ವಂತೆ." ತುಸು ತಡೆದು, "ಮನೇಲಿ ಯಾರಿಗಾದ್ರೂ ಇಂಥದ್ದು ಇತ್ತಾ ಅಂತ ಕೇಳ್ತಿದಾರೆ," ಎಂದ.

ಚಿನ್ಮಯಿ ತಾಯಿಯ ಮುಖವನ್ನೂ ನೋಡಲಿಲ್ಲ. ಇಲ್ಲ ಎಂದಳು. ಅಕ್ಕ ಹತ್ತೊಂಬತ್ತಕ್ಕೇ ತೀರಿಕೊಂಡಳು, ಅದು ಕಾಮಾಲೆ ಎಂದಳು.

ಹಾಗಾದರೆ ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು ವೈದ್ಯೆ ಕರೆ ಮುಗಿಸಿದರು.

"ಇನ್ನೊಂದು ದೋಸೆ ಹಾಕಮ್ಮ," ಎಂದಳು ಚಿನ್ಮಯಿ. "ಆರು ತಿಂಗಳು ರಜೆ ಸಿಕ್ತು."

"ದೋಸೆ ತಿನ್ನೋಕೆ ನಿಂಗೆ ಡಾಕ್ಟರ್ ಚೀಟಿ ಬೇರೆ ಬೇಕಿತ್ತಾ?" ಎಂದು ಸಂಕೇತ್ ನಕ್ಕ.

ಲೀಲಾವತಿ ದೋಸೆ ಹುಯ್ದರು. ಕೈ ತನ್ನ ಪಾಡಿಗೆ ತಿರುಗುತ್ತಿತ್ತು. ದೊಡ್ಡ ಮಗಳು ಶ್ರೀಲಕ್ಷ್ಮಿಗೆ ಕಾಮಾಲೆಯಾಗಿರಲಿಲ್ಲ. ಹದಿನಾರು ವರ್ಷದ ಹಿಂದೆ ಅವಳ ಆಸ್ಪತ್ರೆಯ ಕಾಗದದಲ್ಲೂ ಇವೇ ಮೂರು ಅಕ್ಷರಗಳಿದ್ದವು. ಮೈ ಕಾಯುವ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಆ ರೋಗದ ಹೆಸರು ಲೂಪಸ್. ಅದು ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಅವಳು ಹೋಗಿ ಹದಿಮೂರು ದಿನ ಕಳೆದ ಮೇಲೆ ಶಂಕರರು ಕಾಗದಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. "ರಕ್ತದ ರೋಗ ಅಂತ ಊರಿಗೆ ಗೊತ್ತಾದ್ರೆ ಚಿಕ್ಕವಳನ್ನ ಯಾರು ಮಾಡ್ಕೊಳ್ತಾರೆ? ಈ ಮಾತು ನಮ್ಮಿಬ್ಬರ ಜೊತೆಗೇ ಸುಟ್ಟುಹೋಗ್ಲಿ," ಎಂದಿದ್ದರು. ಮುಂದೆ ಹುಡುಗಿ ನೋಡಲು ಬಂದ ದಿನ ಸಂಕೇತನ ತಾಯಿ ದೊಡ್ಡ ಮಗಳ ಸುದ್ದಿ ಎತ್ತಿದಾಗ, ಕಾಮಾಲೆ ಎಂದು ದೇವರ ದೀಪದ ಎದುರೇ ನಿಂತು ಹೇಳಿದವರು ಲೀಲಾವತಿ. "ಕಾಮಾಲೆ ಯಾರಿಗೆ ಬರಲ್ಲ ಬಿಡಿ, ವಂಶದಲ್ಲಿ ಏನೂ ಇಲ್ವಲ್ಲ, ಅಷ್ಟು ಸಾಕು," ಎಂದು ಆಕೆ ಕಾಫಿ ಲೋಟ ಎತ್ತಿಕೊಂಡಿದ್ದರು.

ಶಂಕರರು ತಮ್ಮ ಪಾಲಿನ ಮೌನವನ್ನು ಚಿತೆಗೆ ಒಯ್ದರು. ಉಳಿದ ಪಾಲು ಇವರ ಕೊರಳಿಗೆ ಬಿತ್ತು. ಹೇಳಿದರೆ ಮಗಳ ಸಂಸಾರ, ಹೇಳದಿದ್ದರೆ ಮಗಳು. ಎದ್ದು ಹೊರಗೆ ಹೋಗೋಣವೆಂದರೆ ಮೊಣಕಾಲುದ್ದದ ಹಿಮ. ಕಿಟಕಿಗೆ ಮೂರು ಪದರದ ಗಾಜು. ಒಳಗೆ ಉಸಿರಾಡಿದ ಗಾಳಿಯನ್ನೇ ಮತ್ತೆ ಉಸಿರಾಡಬೇಕು.

ಕಪಾಟಿನ ಮೂಲೆಯಲ್ಲಿದ್ದ ಅಂಗೈಯಗಲದ ದೇವರ ಮುಂದೆ ನಿಂತರು. ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಯಾರ ಎದುರು ಸುಳ್ಳು ಹೇಳಿದ್ದೆವೋ ಅವರಲ್ಲಿಯೇ ದಾರಿ ಕೇಳುವುದು ಹೇಗೆ?

ಚಿನ್ಮಯಿ ಕೆಲಸಕ್ಕೆ ಹೊರಡಲೆಂದು ಬಾಗಿಲ ಬಳಿ ಕುಳಿತು ಉಣ್ಣೆಯ ಕಾಲುಚೀಲ ಬದಲಿಸುತ್ತಿದ್ದಳು. ಬಿಚ್ಚಿದ ಕಾಲುಚೀಲದ ಅಂಚಿನ ಗುರುತು ಕಣಕಾಲಿನ ಸುತ್ತ ಆಳವಾಗಿ ಮೂಡಿ ನಿಂತಿತ್ತು. ಲೀಲಾವತಿ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹೆಬ್ಬೆರಳಿನಿಂದ ಅದುಮಿದರು. ಬೆರಳು ತೆಗೆದರೂ ಗುಳಿ ಹಾಗೇ ಇತ್ತು.

"ಎಷ್ಟು ದಿನದಿಂದ ಹೀಗಿದೆ?"

"ಒಂದು ವಾರ ಇರ್ಬೇಕು. ಯಾಕಮ್ಮ, ಕಾಲು ಹಿಡ್ಕೊಂಡು ಕೂತ್ಬಿಟ್ಟೆ?"

ಲೀಲಾವತಿ ಆ ಕಾಲನ್ನು ಬಿಡಲಿಲ್ಲ. "ಸಂಕೇತ್, ಇಲ್ಲಿ ಬನ್ನಿ. ನಿಮ್ಮ ಮನೆಯವರಿಗೆ ನಾನು ಸುಳ್ಳು ಹೇಳಿದ್ದೆ. ಶ್ರೀಲಕ್ಷ್ಮಿಗೆ ಕಾಮಾಲೆ ಅಲ್ಲ. ಇವಳು ಈಗ ಮಾಡಿಸಿದ್ದಾಳಲ್ಲ, ಅದೇ ಪರೀಕ್ಷೆ. ಲೂಪಸ್. ಕಿಡ್ನಿ ಹೋಯ್ತು."

ಸಂಕೇತ್ ಏನನ್ನೂ ಕೇಳದೆ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದ. ಯಂತ್ರದ ದನಿ, ಹತ್ತು ನಲವತ್ತಕ್ಕೆ ನಾವೇ ಕರೆ ಮಾಡುತ್ತೇವೆ ಎಂದಿತು. ಆ ಒಂದು ಗಂಟೆ ಮೂವರೂ ಅದೇ ಮೇಜಿಗೆ ಕೂತಿದ್ದರು. ಕೋಟು ಹಾಕಿದ್ದ ಚಿನ್ಮಯಿ ಅದನ್ನು ಬಿಚ್ಚಲೂ ಇಲ್ಲ, ಹೊರಡಲೂ ಇಲ್ಲ.

ಕರೆ ಬಂತು. ಒಡಹುಟ್ಟಿದವಳಿಗೆ ಲೂಪಸ್ ಇತ್ತು, ಈಗ ಕಾಲು ಊದಿದೆ ಎಂದು ಸಂಕೇತ್ ಹೇಳಿದ. ಆ ಬದಿಯ ದನಿ ಬದಲಾಯಿತು. ಆರು ತಿಂಗಳ ಮಾತು ಮತ್ತೆ ಬರಲಿಲ್ಲ. ಇವತ್ತೇ ಬನ್ನಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ನೋಡಬೇಕು, ಈ ರೋಗವನ್ನೇ ಬೆರಳು ಮಾಡಿ ತೋರಿಸುವ ಬೇರೆ ರಕ್ತಪರೀಕ್ಷೆಗಳಿವೆ, ಅವೂ ಆಗಬೇಕು ಎಂದರು.

ಫೋನು ಇಟ್ಟ ಸಂಕೇತ್ ಅತ್ತೆಯ ಕಡೆ ತಿರುಗಿದ. "ನಮ್ಮಮ್ಮನಿಗೆ ಮಾತ್ರ ಹೇಳ್ಬೇಡಿ ಅತ್ತೆ. ಈಗ್ಲೂ ಬೇಡ, ಯಾವತ್ತೂ ಬೇಡ."

ಲೀಲಾವತಿ ತಲೆಯಾಡಿಸಿದರು. ಒಂದು ಗಂಟು ಬಿಚ್ಚಿದ ಕೈಗೇ ಇನ್ನೊಂದನ್ನು ಕಟ್ಟಿದಂತಾಯಿತು. ಕ್ಷಮೆ ಕೇಳಲೆಂದು ಮಗಳ ಕಡೆ ನೋಡಿದರು. ಚಿನ್ಮಯಿ ಅದಕ್ಕೆ ಎಡೆಗೊಡಲಿಲ್ಲ. ಚೀಲದಿಂದ ಪುಸ್ತಕ, ಪೆನ್ನು ತೆಗೆದಳು.

"ಡಾಕ್ಟರ್ ಕೇಳ್ತಾರೆ. ಅಕ್ಕಂಗೆ ಮೊದಲು ಏನಾಯ್ತು? ಒಂದೂ ಬಿಡದೆ ಹೇಳು."

ಹದಿನಾರು ವರ್ಷ ಯಾರಿಗೂ ಹೇಳದ ಮಾತು. ಲೀಲಾವತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರು.

"ಮೊದಲು ಕೂದಲು," ಎಂದರು. "ದಿಂಬಿನ ಮೇಲೆ."