ಹದಿನಾಲ್ಕು ಹೆಜ್ಜೆ

ಹಾಸಿಗೆಯಿಂದ ಶೌಚಾಲಯಕ್ಕೆ ಹದಿನಾಲ್ಕು ಹೆಜ್ಜೆ. ರೋಸಲ್ಮಾ ಅಜ್ಜಿ ಆ ಆರೈಕೆ ಮನೆಗೆ ಬಂದು ಏಳು ವಾರವಾಗಿತ್ತು. ಅಲ್ಲಿನ ಫಿಸಿಯೋಥೆರಪಿಸ್ಟ್ ನಾರ್ಮನ್ ದಿನಾ ಕೈಹಿಡಿದು ವ್ಯಾಯಾಮ ಮಾಡಿಸಿದರೂ ಹದಿನೈದನೆಯ ಹೆಜ್ಜೆ ಹುಟ್ಟಲೇ ಇಲ್ಲ. ಪಾರ್ಕಿನ್ಸನ್ ಕಾಯಿಲೆ ಹೊಕ್ಕ ಕಾಲು, ಅದರ ಹಟವೇ ಹಟ.

ಮಂಗಳವಾರ ವಿಮೆಯವರ ಕಾಗದ ಬಂತು. ರೋಗಿಯಲ್ಲಿ ಸುಧಾರಣೆ ಕಾಣುತ್ತಿಲ್ಲ, ಆದ್ದರಿಂದ ಶುಕ್ರವಾರದಿಂದ ಹಣವಿಲ್ಲ. ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ಫೋನ್ ಮಾಡಬೇಕಂತೆ. ಎಂಬತ್ತೊಂದರ ಮುದುಕಿ ಸುಧಾರಿಸಿ ಓಟದ ಪಂದ್ಯಕ್ಕೆ ಹೋಗಬೇಕಿತ್ತೇನೋ, ಇವರ ತಲೆಗಿಷ್ಟು!

ನಾರ್ಮನ್‌ಗೆ ಸಂಕಟವಾಯಿತು. ವ್ಯಾಯಾಮ ನಿಂತರೆ ಅಜ್ಜಿಗೆ ಎಲ್ಲವೂ ಹಾಸಿಗೆಯಲ್ಲೇ, ಬೇರೆಯವರ ಕೈಯಲ್ಲೇ. ಅವಳಿಗೆ ಸಾವಿನ ಭಯವಿರಲಿಲ್ಲ, ಇದೊಂದರ ಭಯವಿತ್ತು.

"ಅಜ್ಜಿ, ಇವತ್ತು ಹದಿನೇಳು ಅಂತ ಬರೀತೀನಿ," ಎಂದ ಮೆಲ್ಲಗೆ. "ಯಾರು ಬಂದು ಎಣಿಸ್ತಾರೆ?"

"ಥೂ ನಿನ್ನ! ಆಲೂಗಡ್ಡೆ ಕೀಳೋವಾಗ ಪೀಪಾಯಿ ಲೆಕ್ಕದಲ್ಲಿ ಕೂಲಿ, ಬೇಗ ತುಂಬ್ಲಿ ಅಂತ ತಳದಲ್ಲಿ ಸೊಪ್ಪು ತುರುಕೋರು. ನಿಮ್ಮ ತಾತನೂ ತುರುಕ್ತಿದ್ದ, ನಂಗೊತ್ತು. ನಾನು ಒಂದ್ ದಿನಾನೂ ತುರುಕಿಲ್ಲ. ಈ ವಯಸ್ಸಲ್ಲಿ ಕಲಿಸ್ತೀಯಾ?"

"ಮತ್ತೆ ಏನ್ ಹೇಳ್ತೀರಿ ಅವ್ರಿಗೆ?"

"ಇದ್ದದ್ದು ಹೇಳ್ತೀನಿ. ಫೋನ್ ಕೊಡು."

ಮೇಲ್ಮನವಿ ಕೇಳುವ ಹೆಂಗಸು ಹೇಗಿದ್ದೀರಿ ಎಂದಳು. ಮೇನ್ ರಾಜ್ಯದ ಉತ್ತರದ ಈ ಆಲೂಗಡ್ಡೆ ಸೀಮೆಯವರಿಗೆ ಗೋಳು ಹೇಳಿಕೊಳ್ಳುವುದೆಂದರೆ ನಾಚಿಕೆ. ಕಾಲು ಮುರಿದಿದ್ದರೂ ಸುಖ ಎನ್ನುವ ಜನ. ಅಜ್ಜಿಯ ಬಾಯಿಗೂ ಅದೇ ಬಂತು: "ಚೆನ್ನಾಗಿದ್ದೀನಮ್ಮ, ಏನೂ ತೊಂದ್ರೆ ಇಲ್ಲ."

ನಾರ್ಮನ್ ಹಣೆ ಚಚ್ಚಿಕೊಂಡ. ಮುಗಿಯಿತು ಕಥೆ! ಅವನ ಮುಖ ನೋಡಿ ಅಜ್ಜಿ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಇಲ್ಲಮ್ಮ, ಚೆನ್ನಾಗಿಲ್ಲ. ಹೋದ ತಿಂಗಳು ನಂಗೆ ವ್ಯಾಯಾಮ ಮಾಡ್ಸೋ ಈ ಹುಡುಗನ ಹೆಂಡ್ತಿ ಹೆತ್ತಳು, ಐದು ದಿನ ಇವನು ಬರ್ಲಿಲ್ಲ. ಬದಲಿಗೆ ಯಾರೂ ಇರ್ಲಿಲ್ಲ. ಇವನು ಬರೋ ಹೊತ್ತಿಗೆ ನನ್ನ ಹೆಜ್ಜೆ ಒಂಬತ್ತಕ್ಕಿಳಿದಿತ್ತು. ಹಾಸಿಗೇಲೇ ಆಗೋಯ್ತು. ನನ್ನ ಮಗಳಿಗೂ ಹೇಳಿಲ್ಲ, ನಿಂಗೆ ಹೇಳ್ತಿದೀನಿ. ಮತ್ತೆ ಹದಿನಾಲ್ಕಕ್ಕೆ ಬರೋಕೆ ಹನ್ನೆರಡು ದಿನ ಹಿಡೀತು. ಮುಂದೆ ಹೋಗಿಲ್ಲ, ನಿಜ. ಹಿಂದೆ ಜಾರದ ಹಾಗೆ ಹಿಡ್ಕೊಂಡಿರೋದು ಕೆಲಸ ಅಲ್ವಾ?"

ನಾರ್ಮನ್ ದಾಖಲೆ ತೆರೆದ. ಆ ಒಂಬತ್ತನ್ನು ತಾನೇ ಬರೆದಿದ್ದ. ತಾನು ಬಾರದ್ದರಿಂದ ಆದದ್ದೆಂದು ನಾಚಿ ಮತ್ತೆ ನೋಡಿರಲಿಲ್ಲ. ಆ ಪುಟಗಳನ್ನು ಕೂಡಲೇ ಕಳಿಸಿದ. ಇದ್ದ ಶಕ್ತಿ ಕಳೆದುಹೋಗದಂತೆ ಕಾಯಲು ನುರಿತ ಕೈ ಬೇಕಾದರೂ ವಿಮೆ ಹಣ ಕೊಡಬೇಕೆಂಬುದೇ ನಿಯಮ ಎಂದು ಜೊತೆಗೊಂದು ಸಾಲು ಬರೆದ.

ಗುರುವಾರ ಉತ್ತರ ಬಂತು: ಹಣ ಮುಂದುವರಿಯುತ್ತದೆ. ನಾರ್ಮನ್‌ಗೆ ಹೋದ ಜೀವ ಬಂದಂತಾಯಿತು.

ಶುಕ್ರವಾರ ಅಜ್ಜಿ ಎದ್ದು ನಡೆದಳು. ಅವನು ಪಕ್ಕದಲ್ಲೇ ಎಣಿಸಿದ. ಹನ್ನೆರಡು, ಹದಿಮೂರು, ಹದಿನಾಲ್ಕು.

"ಇನ್ನೊಂದು ಹಾಕಿ ನೋಡೋಣ್ವಾ?" ಎಂದ ಆಸೆಯಿಂದ.

"ಇನ್ನೊಂದು ಇಟ್ರೆ ಗೋಡೆಗೆ ಹೊಡೀತೀನಿ, ಪೆದ್ದ. ಆಚೆ ನಿಲ್ಲು," ಎಂದು ಅಜ್ಜಿ ತಾನೇ ಬಾಗಿಲು ಹಾಕಿಕೊಂಡಳು.