ಕಸೂತಿ ಕಂಪ್ಯೂಟರಿಗೆ ಬಂದ ನೋಟಿಸ್

ಹಳೇ ಹುಬ್ಬಳ್ಳಿಯ ಫಕೀರವ್ವನ ಎಂಬ್ರಾಯ್ಡರಿ ಅಂಗಡಿ ಎಂದರೆ ಎರಡು ಖೋಲಿ, ಒಂದು ಯಂತ್ರ, ಒಂದು ಕಂಪ್ಯೂಟರ್. ಯಂತ್ರಕ್ಕೆ ಹೊಲಿಯಲಷ್ಟೇ ಬರುತ್ತದೆ. ಏನು ಹೊಲಿಯಬೇಕೆಂಬುದು ಇರುವುದು ಕಂಪ್ಯೂಟರಿನಲ್ಲಿ. ಅಲ್ಲಿಂದ ಪೆನ್‌ಡ್ರೈವ್‌ಗೆ ಇಳಿಸಿ ಯಂತ್ರಕ್ಕೆ ಚುಚ್ಚಿದರೆ ಬ್ಲೌಸಿನ ತೋಳಿನ ಮೇಲೆ ನವಿಲು ಮೂಡುತ್ತದೆ. ತೀರಿಹೋದ ಅತ್ತೆ ಕೈಯಿಂದ ಹಾಕುತ್ತಿದ್ದ ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಅದರಲ್ಲಿದ್ದವು. ಹಳೇ ಸೀರೆಗಳ ಸೆರಗು ತೊಡೆಯ ಮೇಲೆ ಹರಡಿಕೊಂಡು, ಎಳೆ ನೋಡಿ ನೋಡಿ, ಎಂಟು ವರ್ಷ ಕೂತು ಫಕೀರವ್ವನೇ ಏರಿಸಿದ್ದಳು. ಅವನ್ನು ತೆರೆಯುವ ಹಳೇ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ.

ಅಕ್ಟೋಬರಿನಲ್ಲಿ ಪರದೆಯ ಮೇಲೆ ಇಂಗ್ಲಿಷ್ ನೋಟಿಸ್ ಬಂತು. ಸೊಸೆ ಗೀತಾಂಜಲಿ ಓದಿ ಹೇಳಿದಳು: ವಿಂಡೋಸ್ ಹತ್ತಕ್ಕೆ ಕಂಪನಿಯ ಬೆಂಬಲ ಮುಗಿಯಿತಂತೆ. ಸುದ್ದಿ ಕೇಳಿದ ಕಂಪ್ಯೂಟರ್ ಅಂಗಡಿಯ ರಮಾಕಾಂತ ಬಂದು, ಇದು ಇವತ್ತಲ್ಲ ನಾಳೆ ನಿಲ್ಲುವುದೇ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದ. ಫಕೀರವ್ವ ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದಳು. ಆದರೆ ಮನಸ್ಸಿನಲ್ಲಿ ಹುಳ ಹೊಕ್ಕಿತ್ತು. ದೀಪಾವಳಿ ಪಾಡ್ಯದ ಅಂಗಡಿ ಪೂಜೆಯಲ್ಲಿ ಪ್ರತಿ ವರ್ಷ ಕಂಪ್ಯೂಟರಿಗೆ ಒಂದು ಬೊಟ್ಟು ಇಡುತ್ತಿದ್ದವಳು ಈ ಸಲ ಕುಂಕುಮವನ್ನು ನೀರಲ್ಲಿ ಕಲಸಿ, ಕಂಪ್ಯೂಟರ್ ಡಬ್ಬಿಯ ಮುಂಭಾಗಕ್ಕೆಲ್ಲ ದಪ್ಪಗೆ ಬಳಿದು ಕೈಮುಗಿದಳು.

ಹಬ್ಬ ಮುಗಿಸಿ ಅಂಗಡಿ ತೆರೆದ ದಿನ ಕಂಪ್ಯೂಟರ್ ಹತ್ತಿತು, ಆದರೆ ಪೆನ್‌ಡ್ರೈವ್ ಚುಚ್ಚಿದರೆ ಮಿಸುಕಲಿಲ್ಲ. ಬೇರೆಯದನ್ನು ಚುಚ್ಚಿದರೂ ಅಷ್ಟೇ. ಕೆಲಗೇರಿಯ ಮದುವೆಮನೆಯ ನಲವತ್ತು ಬ್ಲೌಸು ಕತ್ತರಿಸಿ ಇಟ್ಟಾಗಿತ್ತು; ತುಳಸಿ ಲಗ್ನವಾದ ಕೂಡಲೇ ಆ ಮದುವೆ. ಗೀತಾಂಜಲಿ ಫೋನ್ ಮಾಡಿದ ಅರ್ಧ ತಾಸಿನಲ್ಲಿ ರಮಾಕಾಂತ ಸ್ಕೂಟರಿನ ಮೇಲೆ ಹೊಸ ಡಬ್ಬಿಯನ್ನೇ ಹೇರಿಕೊಂಡು ಬಂದ. ಒಮ್ಮೆ ಚುಚ್ಚಿ ನೋಡಿ, ನಾನು ಹೇಳಿರಲಿಲ್ಲವೇ, ಬೆಂಬಲ ಹೋಯಿತು, ಜೀವವೂ ಹೋಯಿತು ಎಂದ.

ಫಕೀರವ್ವ ಸ್ಟೂಲ್ ಎಳೆದುಕೊಂಡು ಅವನೆದುರು ಕೂತಳು.

“ಬೆಂಬಲ ಅಂದ್ರ ಏನ್ರಿ? ಜರಾ ಬಿಡಿಸಿ ಹೇಳ್ರಿ.”

ಕಳ್ಳರು ಒಳಗೆ ಬರಲು ದಿನಾ ಹೊಸ ಕಿಂಡಿ ಹುಡುಕುತ್ತಾರೆ, ಕಂಪನಿ ಅವನ್ನು ಮುಚ್ಚುತ್ತಿತ್ತು, ಇನ್ನು ಮುಚ್ಚುವುದಿಲ್ಲ ಎಂದು ಅವನು ವಿವರಿಸಿದ.

“ಕಳ್ಳರು ಬರೂದು ಎಲ್ಲಿಂದ?”

“ಹೆಚ್ಚಾಗಿ ನೆಟ್‌ನ್ಯಾಗಿಂದ್ರಿ ಅಕ್ಕಾರ.”

“ಕಿಂಡಿ ಮುಚ್ಚಲಿಲ್ಲಂತ ಪೆನ್‌ಡ್ರೈವ್ ಯಾಕ ಓದವಲ್ದು?”

“ಅದು... ಎಲ್ಲಾ ಒಂದಕ್ಕೊಂದು ಹೊಂದ್ಕೊಂಡಿರ್ತಾವ್ರಿ.”

ಮೂವತ್ತು ವರ್ಷ ಹೊಲಿಗೆ ಯಂತ್ರದ ಮಿಸ್ತ್ರಿಗಳ ಜೊತೆ ಏಗಿದವಳು ಫಕೀರವ್ವ. ಗೊತ್ತಿಲ್ಲದವರು ಹೇಳುವ ಮಾತು ಇದೇ ಎಂದು ಅವಳಿಗೆ ಗೊತ್ತಿತ್ತು. ಬಲ್ಬು ಹತ್ತದಿದ್ದರೆ ಇನ್ನೊಂದು ಹೋಲ್ಡರಿಗೆ ಹಾಕಿ ನೋಡದೆ ಯಾರೂ ಬಿಸಾಕುವುದಿಲ್ಲ. ಎದ್ದು, ಗೋಡೆಗೆ ಆನಿಸಿದ್ದ ಡಬ್ಬಿಯನ್ನು ಎಳೆದು ತಿರುಗಿಸಿದಳು. ಹಿಂಬದಿಯಲ್ಲಿದ್ದ ಪ್ರಿಂಟರ್ ವೈರ್ ಕಿತ್ತು ಆ ಜಾಗಕ್ಕೆ ಪೆನ್‌ಡ್ರೈವ್ ಚುಚ್ಚಿದಳು. ಟಣ್ ಎಂದಿತು. ಗೋಪುರ, ಆನೆ, ನವಿಲು ಪರದೆಯ ಮೇಲೆ ಸಾಲಾಗಿ ಬಂದು ನಿಂತವು.

ಮೊದಲು ಚುಚ್ಚಿದ್ದ ಪೆನ್‌ಡ್ರೈವನ್ನು ಗೀತಾಂಜಲಿ ಕೈಗೆತ್ತಿಕೊಂಡಳು. ತುದಿ ಕೆಂಪಗಿತ್ತು. ಬಗ್ಗಿ ನೋಡಿದರೆ ಮುಂಭಾಗದ ಎರಡೂ ಕಿಂಡಿಗಳಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು.

“ಅತ್ತಿ, ಇದು ನಿಮ್ಮ ಪಾಡ್ಯದ ಪೂಜಿ ಕುಂಕುಮ ನೋಡ್ರಿ.”

ಫಕೀರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಾಪಾಡಪಾ ಅಂತ ಬೇಡ್ಕೊಂಡು, ನಾನ ಅದರ ಬಾಯಿ ಮುಚ್ಚೇನಿ ನೋಡವಾ.”

ರಮಾಕಾಂತ ಮಾತ್ರ ಬಿಡಲಿಲ್ಲ. ಇವತ್ತು ಕುಂಕುಮ ಇರಬಹುದು, ನೋಟಿಸ್ ಬಂದದ್ದು ಸುಳ್ಳೇ ಎಂದು ಕೇಳಿದ. ಸುಳ್ಳಲ್ಲ ಎಂದು ಅವಳೂ ಒಪ್ಪಿದಳು. ಒಪ್ಪಿ, ನೆಟ್ಟಿನ ವೈರ್ ಕಿತ್ತು, ಸುರುಳಿ ಸುತ್ತಿ ಅವನ ಕೈಗಿಟ್ಟಳು.

“ಹಳೇದು ಕೊಡ್ರಿ ಅಂದ್ರಲ್ಲಾ, ಇದನ್ನ ಒಯ್ರಿ. ಕಳ್ಳರ ಹಾದಿ ಇದ ಹೌದಲ್ರಿ? ಗಿರಾಕಿ ಕಳಸೂ ಡಿಸೈನ್ ಫೋಟೋ ನನ್ನ ಫೋನಿಗೆ ಬರ್ತಾವು. ಈ ಡಬ್ಬಿಗೆ ಊರ ಉಸಾಬರಿ ಬ್ಯಾಡ.”

“ಪೆನ್‌ಡ್ರೈವ್‌ನ್ಯಾಗೂ ವೈರಸ್ ಬರ್ತದ್ರಿ.”

“ಹೌದ? ಇದು ಖರೇ ಮಾತು.” ಹಾಗಿದ್ದರೆ ಹೊರಗಿನವರ ಪೆನ್‌ಡ್ರೈವ್ ಇಂದಿನಿಂದ ಬಂದ್ ಎಂದಳು. ಎರಡು ಹೊಸವು ಅವನಿಂದಲೇ ಕೊಂಡಳು: ಒಂದು ಯಂತ್ರಕ್ಕೆ ಹೋಗಿ ಬರಲಷ್ಟೇ, ಇನ್ನೊಂದರಲ್ಲಿ ಅತ್ತೆಯ ವಿನ್ಯಾಸಗಳ ಪ್ರತಿ, ಮನೆಯ ಟ್ರಂಕಿನಲ್ಲಿಡಲು. ಪಾಪ, ಹೊಸ ಡಬ್ಬಿ ಹೇರಿಕೊಂಡು ಬಂದವನು ಬರಿಗೈಲಿ ಹೋಗುವುದು ಬೇಡ ಎಂಬುದೂ ಅವಳ ಮನಸ್ಸಿನಲ್ಲಿತ್ತು.

“ಒಂದಿನ ಇದು ಸಾಯೂದ ಅಕ್ಕಾರ,” ಎಂದ ಅವನು, ಮೆಟ್ಟಿಲಿಳಿಯುತ್ತ.

“ಸಾಯ್ಲಿ. ತನ್ನ ದಿನಾ ಬಂದಾಗ ಸಾಯ್ಲಿ. ನೋಟಿಸ್ ಕೊಟ್ಟಾವ್ರು ಹೇಳಿದ ದಿನಾ ಯಾಕ ಸಾಯಬೇಕು?”

ಕರೆಂಟ್ ತೆಗೆದು, ಯಂತ್ರದ ನೂಲುಧೂಳು ಗುಡಿಸುವ ಬ್ರಶ್ಶಿನಿಂದ ಅವಳು ಕಿಂಡಿಗಳ ಕುಂಕುಮ ಕೆದರಿದಳು. ನೆಟ್ಟಿನ ಕಿಂಡಿಯ ಮೇಲೆ ಗೋಪುರದ ಕಸೂತಿ ಇದ್ದ ಬಟ್ಟೆಯ ತುಣುಕೊಂದನ್ನು ಅಂಟಿಸಿದಳು. ಆಮೇಲೆ ಒಣ ಬೆರಳಿನಿಂದ, ಡಬ್ಬಿಯ ನೆತ್ತಿಗೆ, ಒಂದೇ ಬೊಟ್ಟು.

ಸಂಜೆಯ ಹೊತ್ತಿಗೆ ಕೆಲಗೇರಿಯ ಮೊದಲ ತೋಳು ಯಂತ್ರದಿಂದ ಇಳಿಯಿತು.